ಸಂಕ್ರಮಣಕ್ಕೆ ಚಂದ್ರಂಪಳ್ಳಿ, ಅಲ್ಲಿಂದ ಕಾರಂಜಾ

ಭೋಗಿ

ನಮ್ಮ ಕಲಬುರಗಿ ಕಡೆ ಸಂಕ್ರಮಣ ಅಂದರೆ ನೀರಿಗೆ ಹೋಗುವ ಹಬ್ಬ. ಅರೆದ ಎಳ್ಳನ್ನು ಮೈಗೆ ಹಚ್ಚಿಕೊಂಡು ಹೊಳೆಯಲ್ಲಿ ಮೀಯಬೇಕು. ಕಟ್ಟಿಕೊಂಡು ಹೋದ ಬುತ್ತಿಯನ್ನು ದಂಡೆಯಲ್ಲೇ ಬಿಚ್ಚಿ ಉಣ್ಣಬೇಕು. ಭೀಮೆಯ ಹತ್ತಿರದವರು ಗಾಣಗಾಪುರದ ಸಂಗಮಕ್ಕೆ ಹೋಗುತ್ತಾರೆ. ಹೊಳೆ ದೂರ ಇದ್ದವರಿಗೆ ಡ್ಯಾಮುಗಳಿವೆ. ಅಮರ್ಜಾ, ಬೆಣ್ಣೆತೊರಾ, ನಾಗರಾಳ, ಚಂದ್ರಂಪಳ್ಳಿ. ಎಲ್ಲವೂ ಹೊಲಕ್ಕೆ ನೀರು ಕೊಡಲೆಂದು ಕಟ್ಟಿದವು. ಈಗ ಬುತ್ತಿ ಕಟ್ಟಿಕೊಂಡು ಬರುವವರ ಜೊತೆಗೆ ಮೊಬೈಲಿನಲ್ಲಿ ರೀಲ್ಸ್ ನೋಡಿ ಬರುವವರೂ ಸೇರಿದ್ದಾರೆ. ಕಾರುಗಳ ನಂಬರ್ ಪ್ಲೇಟ್ ನೋಡಿದರೆ ತೆಲಂಗಾಣದವೂ ಕಾಣುತ್ತವೆ.

ಈ ಸಲ ನಾವು ಚಂದ್ರಂಪಳ್ಳಿಗೆ ಹೊರಟೆವು. ನಾನು, ನನ್ನ ತಮ್ಮ, ಅವನ ಮಗಳು. ಆ ಕಡೆಯ ಒಂದು ಹಳ್ಳಿಯಲ್ಲಿ ನನ್ನ ಹಳೆಯ ಗೆಳೆಯ ಸಾಲಿ ಮಾಸ್ತರ. 'ಹಬ್ಬದಾಗ ಬಾ. ಖಾಲಿ ಡ್ಯಾಮ್ ನೋಡಿ ಹೋದ್ರ ಏನೂ ತಿಳ್ಯಂಗಿಲ್ಲ. ಜನ ಇದ್ದಾಗ ನೋಡು, ಜನ ಹೋದ ಮ್ಯಾಲೂ ನೋಡು' ಅಂತ ಅವನೇ ಕರೆದಿದ್ದ.

ಕಲಬುರಗಿಯಿಂದ ಹೊರಟ ಬಸ್ಸಿನಲ್ಲಿ ಹಬ್ಬದ ಗಂಟುಗಳು ಕಾಲಿಗೆ ಸಿಗುತ್ತಿದ್ದವು. ಗಜ್ಜರಿ, ಅವರೆಕಾಯಿ, ಹಸಿ ಕಡಲೆ, ಸಜ್ಜಿ ಹಿಟ್ಟು. ಮಹಾಗಾಂವ ಕ್ರಾಸ್ ದಾಟಿದ ಮೇಲೆ ಎರಡೂ ಕಡೆ ತೊಗರಿ ರಾಶಿ ನಡೆದಿತ್ತು. ಬಿಳಿಜೋಳದ ತೆನೆ ಹಾಲುಗಾಳು ಹಿಡಿದಿತ್ತು. ಇನ್ನು ಸ್ವಲ್ಪ ದಿನಕ್ಕೆ ಸೀತನಿ, ಅಂದರೆ ಹಸಿ ಜೋಳದ ತೆನೆ, ಸುಡುವ ಹೊತ್ತು. ಚಿಂಚೋಳಿ ಹತ್ತಿರ ಬಂದಂತೆ ಕರಿ ಎರೆ ಮಣ್ಣು ಹಿಂದೆ ಉಳಿದು ಕೆಂಪು ಜಂಬಿಟ್ಟಿಗೆಯ ನೆಲ ಶುರುವಾಯಿತು. ಕಲಬುರಗಿ ಜಿಲ್ಲೆಯಲ್ಲಿ ಕಾಡು ಇದೆ ಅಂದರೆ ದಕ್ಷಿಣದ ಗೆಳೆಯರು ನಂಬುವುದಿಲ್ಲ. ಅವರನ್ನು ಈ ದಾರಿಯಲ್ಲಿ ಕರೆತರಬೇಕು.

ಚಿಂಚೋಳಿಯಿಂದ ಮುಂದೆ ಟಂಟಂ ಆಟೋ. ಈ ಕಾಡನ್ನು 2011ರಲ್ಲಿ ವನ್ಯಜೀವಿ ಧಾಮ ಅಂತ ಘೋಷಿಸಿದರು. ಸುಮಾರು 134 ಚದರ ಕಿಲೋಮೀಟರ್. ತೋಳ, ಕತ್ತೆಕಿರುಬ, ನರಿ, ಕೃಷ್ಣಮೃಗ, ಕೊಂಡುಕುರಿ ಇರುವ ಒಣಭೂಮಿಯ ಕಾಡು ಇದು. ಸಾಗುವಾನಿ ಇದೆ, ಶ್ರೀಗಂಧ ಇದೆ, ರಕ್ತಚಂದನವೂ ಇದೆ. ಇದರೊಳಗೆ ಲಂಬಾಣಿ ತಾಂಡಾಗಳೂ ಇವೆ. ಧಾಮ ಅನ್ನುವ ಹೆಸರು ಬರುವ ಎಷ್ಟೋ ಮೊದಲಿನಿಂದ ಇದ್ದ ಜನ ಅವರು. ಇದನ್ನು ಮರೆತು ಈ ನೀರಿನ ಬಗ್ಗೆ ಮಾತಾಡಲು ಆಗುವುದಿಲ್ಲ.

ಸಂಜೆ ಡ್ಯಾಮ್ ಮೇಲೆ ನಿಂತಾಗ ತಮ್ಮನ ಮಗಳು ಕೈ ಹಿಡಿದು ಜಗ್ಗಿದಳು. 'ದೊಡ್ಡಪ್ಪ, ಬೋಟ್ ಎಲ್ಲಿ?' ನಾಳೆ ಅಂತ ಸಮಾಧಾನ ಮಾಡಿದೆವು. ಸುತ್ತ ಗುಡ್ಡ, ಅವುಗಳ ಸಂದುಗೊಂದಿಗೆ ನುಗ್ಗಿದ ನೀರು. ಮುಲ್ಲಾಮಾರಿಯನ್ನು ಸೇರುವ ಸರನಾಲಾ ಅನ್ನುವ ಹಳ್ಳಕ್ಕೆ ಅಡ್ಡಲಾಗಿ ಕಟ್ಟಿದ ಈ ಜಲಾಶಯ 1973ರಲ್ಲಿ ಮುಗಿಯಿತು. 12 ಸಾವಿರ ಎಕರೆಗೂ ಹೆಚ್ಚು ಹೊಲಕ್ಕೆ ನೀರುಣಿಸುವ ಯೋಜನೆ. ಹಳ್ಳ ಸಣ್ಣದು. ಆದರೆ ಗುಡ್ಡಗಳೇ ಗೋಡೆಯಾಗಿ ನಿಂತು ನೀರನ್ನು ಹಿಡಿದಿವೆ.

ದಂಡೆಯಲ್ಲಿ ಒಬ್ಬ ಮುದುಕ ಬಲೆ ಸುತ್ತಿಡುತ್ತಿದ್ದ. ಗೆಳೆಯ ಅವನನ್ನು ಕಾಕಾ ಅಂತಲೇ ಕರೆಯುವುದು, ನಾವೂ ಹಾಗೇ ಕರೆದೆವು. ಬಲೆಯ ತೇಲುಗಳು ಪ್ರವಾಸಿಗರು ಬಿಟ್ಟುಹೋದ ನೀರಿನ ಬಾಟಲಿಗಳು. ಸಂಜೆ ಬಲೆ ಬಿಟ್ಟು ನಸುಕಿನಲ್ಲಿ ಎತ್ತುವುದು ರೂಢಿ, ಇವನೇಕೆ ಈ ಹೊತ್ತಿನಲ್ಲಿ ಸುತ್ತಿಡುತ್ತಿದ್ದಾನೆ ಅಂತ ಕೇಳಿದೆ.

'ನಾಳೆ ಸಂಕ್ರಮಣ, ನಾಡದು ಕರಿ. ಎರಡು ದಿನ ಬಲಿ ಬಿಡಂಗಿಲ್ರಿ. ಬಿಟ್ರ ಈಸೋರ ಕಾಲಿಗಿ ಸಿಗ್ತದ, ಇಲ್ಲಂದ್ರ ಬೋಟಿನ ಪಂಖಾಕ್ಕ ಸಿಗ್ತದ. ಒಂದು ಬಲಿ ಹರಿದ್ರ ಹೊಲಿಯಾಕ ವಾರ ಬೇಕು.'

ಕಾಟ್ಲಾ, ರೋಹು, ಮೃಗಾಲ. ಮಳೆಗಾಲದಲ್ಲಿ ಮರಿ ಬಿಟ್ಟು ಬೆಳೆಸುವ ಮೀನುಗಳು. ದಂಡೆಗೆ ಅತಿ ಹೆಚ್ಚು ಗಿರಾಕಿ ಬರುವ ದಿನ ಕರಿ. ಅವತ್ತೇ ಇಲ್ಲಿಯ ಮೀನುಗಾರನ ಬಲೆ ಮನೆಯಲ್ಲಿರುತ್ತದೆ. ಹಾಗಾದರೆ ಅವತ್ತು ಇಲ್ಲಿ ಹುರಿಯುವ ಮೀನು ಎಲ್ಲಿಯದು? ಕಾಕಾ ರಸ್ತೆಯ ಕಡೆ ಕೈ ತೋರಿಸಿದ. ಬರ್ಫದ ಡಬ್ಬಿಯಲ್ಲಿ ಹೊರಗಿಂದ ಬರುತ್ತದಂತೆ.

ಸಂಕ್ರಮಣ

ಬೆಳಗ್ಗೆ ನಾವು ದಂಡೆಗೆ ಬರುವಷ್ಟರಲ್ಲಿ ಜನ ಬಂದಾಗಿತ್ತು. ಟ್ರ್ಯಾಕ್ಟರಿನಲ್ಲಿ ಬಂದವರು, ಟಂಟಂನಲ್ಲಿ ಬಂದವರು, ಬೈಕಿನ ಮೇಲೆ ಮೂರು ಮೂರು ಜನ. ಹೆಣ್ಣುಮಕ್ಕಳು ಮಕ್ಕಳ ಬೆನ್ನಿಗೆ ಎಳ್ಳು ತಿಕ್ಕುತ್ತಿದ್ದರು. ಅಜ್ಜಿಯರು ಸೂರ್ಯನಿಗೆ ಕೈ ಮುಗಿದು ಮುಳುಗು ಹಾಕುತ್ತಿದ್ದರು. ನೋಡಲು ತುಂಬಾ ಚಂದ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಎಣ್ಣಿಗಾಯಿ, ಮೊಸರನ್ನ. ಗುರುತಿಲ್ಲದ ಒಬ್ಬ ತಾಯಿ ನಮ್ಮ ಹುಡುಗಿಯನ್ನು ಕರೆದು ಕೈಗೆ ಹೋಳಿಗೆ ಇಟ್ಟಳು. ಇಂಥ ಹಬ್ಬ ಯಾವತ್ತೂ ನಿಲ್ಲಬಾರದು ಅನ್ನಿಸಿತು. ಜನ ನೀರಿಗೆ ಬರಬಾರದು ಅಂತ ಹೇಳುವವನು ನಾನಲ್ಲ.

ಮಧ್ಯಾಹ್ನದ ಹೊತ್ತಿಗೆ ಗುಂಪಿನ ಬಣ್ಣ ಬದಲಾಯಿತು. ಕಾರುಗಳು ಬಂದವು. ಒಂದು ಕಾರಿನ ಡಿಕ್ಕಿಯಲ್ಲಿ ಮನೆಯ ಬೀರುವಿನಷ್ಟು ದೊಡ್ಡ ಸ್ಪೀಕರ್. ಹಾಡು ಹಚ್ಚಿದರೆ ಎದುರಿನ ಗುಡ್ಡಕ್ಕೆ ಬಡಿದು ವಾಪಸ್ ಬರುತ್ತಿತ್ತು. ಬೆಳಗ್ಗೆ ಕಂಡಿದ್ದ ನೀರುಕಾಗೆಗಳು, ನಾಮದ ಕೋಳಿಗಳು ಒಂದೂ ಇರಲಿಲ್ಲ. ಚಳಿಗಾಲದಲ್ಲಿ ನೀರಹಕ್ಕಿಗಳು ಹೊಟ್ಟೆ ತುಂಬಿಸಿಕೊಳ್ಳುವುದೇ ಇಂಥ ಕಡಿಮೆ ನೀರಿನ ದಂಡೆಗಳಲ್ಲಿ. ಒಂದು ಸಲ ಹೆದರಿ ಎದ್ದರೆ ತಿಂದದ್ದರ ಶಕ್ತಿಯೆಲ್ಲ ಹಾರುವುದಕ್ಕೇ ಹೋಗುತ್ತದೆ. ದಿನಕ್ಕೆ ಹತ್ತು ಸಲ ಎಬ್ಬಿಸಿದರೆ ಅವು ಇಲ್ಲಿ ಯಾಕೆ ಉಳಿಯುತ್ತವೆ?

ಚಹಾ ಕುಡಿಯಲು ಕೂತ ಅಂಗಡಿ ತಾಂಡಾದ ಒಬ್ಬ ಅಕ್ಕನದು. ಅಂಗಡಿ ಅಂದರೆ ನಾಲ್ಕು ಗೂಟ, ಮೇಲೆ ಹಳೆಯ ತಾಡಪತ್ರಿ, ಕೆಳಗೆ ಕಟ್ಟಿಗೆ ಒಲೆ. ಮಿರ್ಚಿ ಭಜಿ, ಸುಸಲಾ, ಚಹಾ. ಹೇಳಿಟ್ಟರೆ ಬಿಸಿ ರೊಟ್ಟಿ, ಪುಂಡಿ ಪಲ್ಯ. ಕೈ ಒಂದು ಕ್ಷಣ ನಿಲ್ಲದೆ ಮಾತಾಡುತ್ತಿದ್ದಳು.

'ಮೊದ್ಲ ಪುಣೆದಾಗ ಇಟ್ಟಂಗಿ ಹೊತ್ತೀನಿ ಅಣ್ಣಾ. ಅಲ್ಲಿ ರೊಕ್ಕ ಜಾಸ್ತಿ. ಆದ್ರ ಮಕ್ಕಳ ಸಾಲಿ ಬಿಡಿಸಿ ಕರ್ಕೊಂಡು ಹೋಗಬೇಕು. ಇಲ್ಲಿ ಐತವಾರ, ಹಬ್ಬ, ಅಷ್ಟೇ ಗಿರಾಕಿ. ಆದ್ರೂ ಮನ್ಯಾಗ ಇದೀನಿ, ಮಕ್ಕಳು ಸಾಲಿಗಿ ಹೋಗ್ಲಕತ್ಯಾವ.'

ಚಿಂಚೋಳಿ ಕಡೆಯ ತಾಂಡಾಗಳಿಂದ ಮುಂಬೈ, ಪುಣೆ, ಹೈದರಾಬಾದಿಗೆ ದುಡಿಯಲು ಹೋಗುವುದು ಹೊಸದಲ್ಲ. ಸುಗ್ಗಿ ಮುಗಿದರೆ ಎಷ್ಟೋ ಮನೆಗಳಿಗೆ ಕೀಲಿ ಬೀಳುತ್ತದೆ, ಮುದುಕರಷ್ಟೇ ಉಳಿಯುತ್ತಾರೆ. ಆ ಅಕ್ಕನ ಒಲೆ ಒಂದು ಮನೆಯ ಬಾಗಿಲನ್ನು ತೆರೆದಿಟ್ಟಿದೆ. ಪ್ರವಾಸಿಗರು ಬಂದದ್ದರಿಂದಲೇ ಇದು ಆದದ್ದು. ಇದನ್ನು ಮೊದಲು ಹೇಳಿಯೇ ಮುಂದಿನದು ಹೇಳಬೇಕು.

ಅವಳ ನಾದಿನಿ ಪಕ್ಕದಲ್ಲಿ ಮೆಣಸಿನಕಾಯಿ ಸೀಳುತ್ತಿದ್ದಳು. ಮೊದಲು ಸುಮ್ಮನೆ ಕೇಳುತ್ತಿದ್ದಳು. ಆಮೇಲೆ ತಾನೇ ಬಾಯಿ ಬಿಟ್ಟಳು. ಅವರ ತಾಂಡಾದ ಹೆಣ್ಣುಮಕ್ಕಳು ಬಟ್ಟೆ ಒಗೆಯುವ, ಜಳಕ ಮಾಡುವ ಒಂದು ಮೂಲೆ ಇದೆ. ಎರಡು ಬಂಡೆಗಳ ನಡುವೆ, ದಾರಿಗೆ ಕಾಣದ ಜಾಗ. 'ಈಗ ಅಲ್ಲಿ ಫೋಟೋ ಚಲೋ ಬರ್ತದಂತ ಎಲ್ಲಾರೂ ಅಲ್ಲಿಗೇ ಬರ್ತಾರ. ಐತವಾರ ನಾವು ನೀರಿಗಿ ಇಳ್ಯಂಗಿಲ್ಲ. ಮೊಬೈಲ್ ಹಿಡ್ದು ನಿಂತಿರ್ತಾರ.' ಹಬ್ಬದ ದಿನ ಮನೆಯವರೆಲ್ಲರ ಬಟ್ಟೆ ಹಾಗೇ ಉಳಿಯುತ್ತದೆ. ಶೌಚಕ್ಕೆ ಹೋಗುವುದು ಇನ್ನೂ ಕಷ್ಟ. ಸಾವಿರಾರು ಜನ ಬರುವ ದಿನ ಬಂದವರೆಲ್ಲ ಅದೇ ಪೊದೆಗಳ ಹಿಂದೆ ಹೋಗುತ್ತಾರೆ. ಮರುದಿನ ಅಲ್ಲಿ ದನ ಮೇಯಬೇಕು, ಕಟ್ಟಿಗೆ ಆರಿಸಬೇಕು.

ಅಷ್ಟರಲ್ಲಿ ಇಬ್ಬರು ಹುಡುಗರು ಬಂದು ಒಬ್ಬ ಅಜ್ಜಿಯನ್ನು ತಡೆದರು. ಕನ್ನಡಿ ಹೊಲಿದ ಕಾಂಚಳಿ ಅನ್ನುವ ರವಿಕೆ, ಫೇಟಿಯಾ ಅನ್ನುವ ಲಂಗ, ಕೈ ತುಂಬ ಬಳೆ. ಅಜ್ಜಿಗೆ ಇಷ್ಟವಿದೆಯೋ ಇಲ್ಲವೋ ಕೇಳಲಿಲ್ಲ. ಪಕ್ಕ ನಿಂತು ಸೆಲ್ಫಿ ಹೊಡೆದು ಹೋದರು. ತಾನು ಉಟ್ಟು ತೊಟ್ಟು ನಡೆಯುವ ಊರಿನಲ್ಲಿ ಅವಳು ಅವರಿಗೆ ಒಂದು ವಸ್ತುವಾಗಿ ಕಂಡಳು. ನನಗೆ ಸಿಟ್ಟು ಬಂತು. ತಮ್ಮ ಹೋಗಿ ಅವರ ಹತ್ತಿರ ಮಾತಾಡಿದ. ಅವರು ತಲೆ ತಗ್ಗಿಸಿ ಬಂದು ಅಜ್ಜಿಯ ಕಾಲು ಮುಟ್ಟಿ ಫೋಟೋ ಅಳಿಸಿದರು. ಕೆಟ್ಟ ಹುಡುಗರೇನಲ್ಲ. ಅವರಿಗೆ ಯಾರೂ ಹೇಳಿರಲಿಲ್ಲ ಅಷ್ಟೇ.

ಕೊನೆಗೂ ಬೋಟ್. ಹುಡುಗಿಗೆ ಲೈಫ್ ಜಾಕೆಟ್ ಹಾಕಿ ಪಟ್ಟಿ ಬಿಗಿದೆವು. ಬೋಟ್ ನಡೆಸುವವನು ಇನ್ನೂ ಮೀಸೆ ಚಿಗುರುತ್ತಿರುವ ಹುಡುಗ. ದಂಡೆಯಿಂದ ಸ್ವಲ್ಪ ದೂರ ಹೋದ ಮೇಲೆ ಮೋಟರ್ ನಿಧಾನ ಮಾಡಿ ನೀರಿನ ಬಣ್ಣ ತೋರಿಸಿದ. 'ಇಲ್ಲಿ ತನಕ ತಿಳಿ ಹಸರು ಅದ ನೋಡ್ರಿ, ಅಲ್ಲಿಂದ ಕಪ್ಪು. ಆ ಕಪ್ಪಿನ ಕೆಳಗ ಹಳೇ ಹಳ್ಳ ಅದ. ಎದಿಮಟ್ಟ ನೀರಾಗ ನಿಂತಾಂವ ಒಂದು ಹೆಜ್ಜಿ ಇಟ್ರ ತಳ ಸಿಗಂಗಿಲ್ಲ.' ಡ್ಯಾಮಿನ ನೀರಿನ ಅಪಾಯವೇ ಇದು. ಕೆರೆಯ ಹಾಗೆ ಮೆಲ್ಲಗೆ ಆಳವಾಗುವುದಿಲ್ಲ. ಮುಳುಗಿದ ಹಳ್ಳದ ದಡ, ಮುಳುಗಿದ ಮರದ ಬೊಡ್ಡೆ, ಕಾಲು ಹಿಡಿಯುವ ಕೆಸರು ಎಲ್ಲ ಒಳಗೇ ಇರುತ್ತವೆ. ಇದನ್ನು ದಂಡೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಿಡಬೇಕಿತ್ತು. ಬೋಟಿಗೆ ಬಂದವರಿಗೆ ಮಾತ್ರ ಈ ಹುಡುಗನ ಬಾಯಿಂದ ತಿಳಿಯುತ್ತದೆ.

ಏಪ್ರಿಲ್ ಬಂದರೆ ನೀರು ಕೆಳಗೆ ಹೋಗುತ್ತದೆ, ಬೋಟ್ ದಂಡೆಗೆ ಬೀಳುತ್ತದೆ, ಆಮೇಲೆ ಅವನೂ ಮುಂಬೈ ರೈಲು ಹತ್ತುತ್ತಾನೆ. ಕಳೆದ ವರ್ಷವೂ ಹಾಗೇ ಮಾಡಿದನಂತೆ.

ರಾತ್ರಿ ಗೆಳೆಯನ ಮನೆಯಲ್ಲಿ ಊಟ. ಅವನ ಹೆಂಡತಿ ಹೇಳಿದ ಒಂದು ಮಾತು ನನ್ನ ತಲೆಯಲ್ಲಿ ಕೂತಿದೆ. ಮೊದಲು ಊರಲ್ಲಿ ಜವಾರಿ ಕೋಳಿ ಯಾರು ಬೇಕಾದರೂ ಕೊಂಡು ತಿನ್ನುತ್ತಿದ್ದರು. ಈಗ ಪ್ರವಾಸಿಗರು ಕೇಳಿದಷ್ಟು ರೊಕ್ಕ ಕೊಡುತ್ತಾರೆ ಅಂತ ಸಾಕಿದವರು ಅವರಿಗೇ ಎತ್ತಿಡುತ್ತಾರೆ. ಮನೆಯವರು ಚಿಂಚೋಳಿಯಿಂದ ಬ್ರಾಯ್ಲರ್ ತರಿಸಿಕೊಂಡು ತಿನ್ನುತ್ತಾರೆ.

ಕರಿ

ಸಂಕ್ರಮಣದ ಮರುದಿನ ಕರಿ. ಒಳ್ಳೆಯ ಕೆಲಸ ಶುರು ಮಾಡುವುದಿಲ್ಲ, ಮಾಂಸದಡಿಗೆ ಮಾಡುತ್ತಾರೆ. ಅವತ್ತು ಡ್ಯಾಮಿಗೆ ಬರುವವರು ಹೆಚ್ಚಾಗಿ ಗಂಡಸರು. ಕುಕ್ಕರ್, ಕೋಳಿ, ಬಾಟಲಿ.

ಕಾಕಾ ಬೆಳಗ್ಗೆಯಿಂದ ದಂಡೆಯಲ್ಲೇ ಇದ್ದ. ಬಲೆ ಬಿಡುವ ಕೆಲಸ ಇಲ್ಲ, ಆದರೂ ತೆಪ್ಪ ನೀರಲ್ಲೇ ಇತ್ತು, ಹುಟ್ಟು ಪಕ್ಕದಲ್ಲೇ ಇತ್ತು. ಯಾಕೆ ಅಂತ ಕೇಳಿದ್ದಕ್ಕೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದ.

'ಯಾರರ ಮುಳುಗಿದ್ರ ಪೊಲೀಸರು ನಮಗೇ ಫೋನ್ ಹಚ್ತಾರ್ರಿ. ನೀರಿನ ತಳ ನಮಗ ಗೊತ್ತು. ಒಮ್ಮೊಮ್ಮೆ ಎರಡು ದಿನ ಹುಡುಕಬೇಕು. ಆ ಹುಡುಗರ ಅವ್ವ ಅಪ್ಪ ದಂಡ್ಯಾಗ ಕುಂತಿರ್ತಾರ. ತೆಪ್ಪದಾಗ ಮಕ್ಕೊಂಡಂಗ ತರ್ತೀವಿ. ಆಮ್ಯಾಲ ವಾರಗಟ್ಲೆ ನನಗ ಊಟ ಸೇರಂಗಿಲ್ಲ.'

ಈ ಕೆಲಸಕ್ಕೆ ಸಂಬಳ ಇಲ್ಲ. ಮನೆಯವರು ಕೊಡಲು ಬಂದರೆ ಕಾಕಾ ತೆಗೆದುಕೊಳ್ಳುವುದಿಲ್ಲ. ಹೆಣದ ರೊಕ್ಕ ಮನೆಗೆ ತರಬಾರದು ಅನ್ನುತ್ತಾನೆ. ಅವನು ಕೋಲಿ ಕಬ್ಬಲಿಗ. ಹನ್ನೆರಡನೇ ಶತಮಾನದ ಶರಣ ಅಂಬಿಗರ ಚೌಡಯ್ಯ ಅವರಿಗೆ ಮನೆಯ ಹಿರಿಯನ ಹಾಗೆ. ಜನರನ್ನು ದಡ ಮುಟ್ಟಿಸುವುದು ತಮ್ಮ ಕುಲದ ಕಸುಬು ಅಂತ ಕಾಕಾ ನಂಬಿದ್ದಾನೆ. ಆ ನಂಬಿಕೆಯ ಮೇಲೆ ನಾವೆಲ್ಲ ಇಷ್ಟು ವರ್ಷ ಪುಕ್ಕಟೆ ನಿಂತಿದ್ದೇವೆ. ಕರ್ನಾಟಕದ ಯಾವ ಡ್ಯಾಮಿಗೆ, ಯಾವ ಕೆರೆಗೆ ಹೋದರೂ ಇದೇ ಕಥೆ ಇರುತ್ತದೆ. ಯಾರೋ ಸೆಲ್ಫಿಗೆ ಇಳಿಯುತ್ತಾರೆ, ಯಾರೋ ಕುಡಿದು ಈಸಲು ಹೋಗುತ್ತಾರೆ. ಪೇಪರಿನಲ್ಲಿ 'ಸ್ಥಳೀಯ ಮೀನುಗಾರರ ನೆರವಿನಿಂದ ಶವ ಹೊರತೆಗೆಯಲಾಯಿತು' ಅಂತ ಒಂದು ಸಾಲು ಬರುತ್ತದೆ. ಆ ಒಂದು ಸಾಲಿನ ಹಿಂದೆ ಇರುವವರು ಇವರು.

ಮಧ್ಯಾಹ್ನ ಎರಡರ ಸುಮಾರಿಗೆ ಒಂದು ಗುಂಪು ನೀರಿಗಿಳಿಯಿತು. ನಾಲ್ವರು ದಂಡೆಯಲ್ಲೇ ಉಳಿದರು. ಒಬ್ಬ ಮುಂದೆ ಮುಂದೆ ಹೋದ. ಹುಡುಗ ತೋರಿಸಿದ್ದ ಆ ಕಪ್ಪು ನೀರಿನ ಕಡೆಗೇ. ಕಾಕಾ ಎದ್ದು ನಿಂತು ಕೂಗಿದ. 'ಏ ತಮ್ಮಾ, ಹಿಂದ ಬಾ! ಮುಂದ ಹಳ್ಳ ಅದ!' ಅವನು ನಕ್ಕು ಕೈ ಬೀಸಿದ. ಮುಂದಿನ ಹೆಜ್ಜೆಗೆ ತಲೆ ಕಾಣಲಿಲ್ಲ. ಕಾಕಾನ ತೆಪ್ಪ ಹೋಗುವ ಮೊದಲೇ ಬೋಟಿನ ಹುಡುಗ ಹಗ್ಗ ಕಟ್ಟಿದ ಟ್ಯೂಬ್ ಎಸೆದಿದ್ದ. ಅವನ ಕೈಗೆ ಅದು ಸಿಕ್ಕಿತು. ದಂಡೆಗೆ ಎಳೆದು ತಂದು ಮಲಗಿಸಿದೆವು. ನೀರು ಕಕ್ಕಿದ, ಅಳತೊಡಗಿದ. ಗೆಳೆಯರು ಅವನನ್ನು ಎತ್ತಿ ಕಾರಿಗೆ ಹಾಕಿಕೊಂಡು ಚಿಂಚೋಳಿಗೆ ಹೊರಟರು. ಬೋಟಿನ ಹುಡುಗನ ಹೆಸರನ್ನೂ ಅವರು ಕೇಳಲಿಲ್ಲ.

ನನ್ನ ಕೈ ಬಹಳ ಹೊತ್ತು ನಡುಗುತ್ತಿತ್ತು. ತಮ್ಮನ ಮಗಳನ್ನು ಅಕ್ಕನ ಅಂಗಡಿಯಲ್ಲಿ ಕೂರಿಸಿದ್ದೆವು. ಅವಳು ನೋಡಲಿಲ್ಲ, ಅದೊಂದು ಸಮಾಧಾನ.

ಅವತ್ತು ಸಂಜೆ ಕಾಕಾ, ಗೆಳೆಯ, ಬೋಟಿನ ಹುಡುಗ, ತಾಂಡಾದ ಒಂದಿಬ್ಬರು ಹಿರಿಯರು ಅಂಗಡಿಯ ಮುಂದೆ ಕೂತರು. ಹೊಸ ಮಾತೇನೂ ಇರಲಿಲ್ಲ. ಎಲ್ಲರೂ ಎಷ್ಟೋ ಸಲ ಆಡಿದ ಮಾತುಗಳೇ. ಆದರೆ ಯಾರೂ ಬರೆದುಕೊಟ್ಟಿರಲಿಲ್ಲ. 'ನೀ ಕಲಬುರ್ಗ್ಯಾಗ ಇರ್ತಿ, ಬರಿಯಾಕ ಬರ್ತದ. ಒಂದು ಅರ್ಜಿ ಬರ್ಕೊಡು' ಅಂದ ಕಾಕಾ. ಒಪ್ಪಿಕೊಂಡೆ.

ಕರಿಯ ಮರುದಿನ

ಗೆಳೆಯ ಹೇಳಿದ್ದು ನಿಜ, ಜನ ಹೋದ ಮೇಲೂ ನೋಡಬೇಕು. ದಂಡೆಯ ಉದ್ದಕ್ಕೂ ಪ್ಲಾಸ್ಟಿಕ್ ತಟ್ಟೆ, ಗುಟ್ಕಾ ಚೀಟಿ, ಮಕ್ಕಳ ಡೈಪರ್, ಅರ್ಧ ಸುಟ್ಟ ಕಟ್ಟಿಗೆ, ಹಬ್ಬದ ಹಳೆಯ ಸೀರೆ. ಮುರಿದ ಬಾಟಲಿಗಳು ಎಲ್ಲಕ್ಕಿಂತ ಕೆಟ್ಟವು. ನೀರು ದಿನವೂ ಒಂದಿಷ್ಟು ಇಳಿಯುವ ಕಾಲ ಇದು. ಮಳೆಗಾಲದಲ್ಲಿ ಒಡೆದ ಗಾಜು ಈಗ ಕೆಸರಿನಿಂದ ಮೇಲೆ ಬರುತ್ತಿತ್ತು. ಅದೇ ಕೆಸರಿಗೆ ಎಮ್ಮೆಗಳು ಇಳಿಯುತ್ತವೆ. ಒಂದು ಎಮ್ಮೆಯ ಗೊರಸಿನ ಸಂದಿನಲ್ಲಿ ಹಳೆಯ ಗಾಯ ಇತ್ತು, ಅರಿಶಿನ ಮೆತ್ತಿದ್ದರು.

ಚಿಂಚೋಳಿ ಕಡೆಯದೇ ಆದ ಎತ್ತಿಪೋತ ಜಲಪಾತದಲ್ಲೂ ಹೀಗೇ ಅಂತ ಗೆಳೆಯ ಹೇಳಿದ. ಮಳೆಗಾಲದಲ್ಲಿ ನೀರಿನ ಸದ್ದು, ಜನರ ಸದ್ದು. ಚಳಿಗಾಲಕ್ಕೆ ನೀರು ಕರಗಿದರೆ ಬಂಡೆಗಳ ನಡುವೆ ಬಾಟಲಿಯ ಚೂರು.

ತಾಂಡಾದ ಹೆಂಗಸರು, ಗೆಳೆಯನ ಶಾಲೆಯ ದೊಡ್ಡ ಹುಡುಗರು ಗೊಬ್ಬರದ ಚೀಲ ಹಿಡಿದು ಬಂದರು. ನಾವೂ ಸೇರಿದೆವು. ಗಾಜು ಬೇರೆ, ಪ್ಲಾಸ್ಟಿಕ್ ಬೇರೆ. ಬಿಸಿಲೇರುವ ಹೊತ್ತಿಗೆ ಚೀಲಗಳು ಸಾಲಾಗಿ ನಿಂತವು. ಈಗ ಅವನ್ನು ಎಲ್ಲಿಗೆ ಒಯ್ಯಬೇಕು? ಕಸದ ಗಾಡಿ ಇಲ್ಲಿ ತನಕ ಬರುವುದಿಲ್ಲ. ಅಭಯಾರಣ್ಯದಲ್ಲಿ ಸುಡುವ ಹಾಗಿಲ್ಲ, ಹೂಳುವ ಹಾಗೂ ಇಲ್ಲ. ಕೊನೆಗೆ ಒಬ್ಬ ತನ್ನ ಟಂಟಂನಲ್ಲಿ ತುಂಬಿಕೊಂಡು ಚಿಂಚೋಳಿಗೆ ಹೋದ. ಡೀಸೆಲ್ ರೊಕ್ಕ ಗೆಳೆಯ ಕೊಟ್ಟ. ಎರಡು ದಿನ ಬಂದು ಹೋದವರ ಕಸದ ಬಾಡಿಗೆಯನ್ನು ಒಬ್ಬ ಮಾಸ್ತರ ತನ್ನ ಸಂಬಳದಿಂದ ಕಟ್ಟುತ್ತಾನೆ. ಇದು ಒಪ್ಪುವ ಮಾತಲ್ಲ.

ಮಧ್ಯಾಹ್ನದ ಬಸ್ಸಿಗೆ ಬೀದರಿಗೆ ಹೊರಟೆವು.

ಬೀದರ್

ವಿಲಾಸಪುರ ಕೆರೆಯ ದಂಡೆಯಲ್ಲಿ ಜಂಗಲ್ ಲಾಡ್ಜಸ್‌ನವರ ಬ್ಲ್ಯಾಕ್‌ಬಕ್ ರೆಸಾರ್ಟ್ ಇದೆ. ಪಕ್ಕದಲ್ಲೇ ಹೊನ್ನಿಕೇರಿ ಕಾಡು. ಸುತ್ತಲ ಬಯಲಿನಲ್ಲಿ ಕೃಷ್ಣಮೃಗ ಓಡಾಡುತ್ತವೆ. ಮೊದಲೇ ಫೋನ್ ಮಾಡಿ ಕೇಳಿ ಹೋಗಿದ್ದೆವು. ನಮ್ಮ ಹುಡುಗಿ ಅಪ್ಪನ ಜೊತೆ ಕಯಾಕ್ ಹತ್ತಿದಳು. ಹುಟ್ಟು ಹಾಕುವುದು ಬೇಗ ಕಲಿತಳು. ಮೋಟರ್ ಇಲ್ಲ, ಹೊಗೆ ಇಲ್ಲ. ಅವರು ಹೋದ ದಾರಿಯಲ್ಲಿ ಒಂದು ಮಿಂಚುಳ್ಳಿ ಕೂತ ಕೊಂಬೆಯಿಂದ ಏಳಲಿಲ್ಲ. ನನಗೆ ಇದು ಮುಖ್ಯ ಅನ್ನಿಸಿತು. ನೀರಿನಲ್ಲಿ ಆಡುವುದಕ್ಕೆ ಪೆಟ್ರೋಲ್ ಬೇಕೇ ಬೇಕು ಅಂತೇನಿಲ್ಲ. ಕಾಕಾನ ತೆಪ್ಪದಲ್ಲಿ ಕೂರಿಸಿಕೊಂಡು ಒಂದು ಸುತ್ತು ಹಾಕಿಸಿದರೆ ಅದಕ್ಕಿಂತ ಚಂದದ ಜಲವಿಹಾರ ಯಾವುದಿದೆ? ಕಾಕಾ ಹಾಗೆ ಹಬ್ಬದ ಎರಡು ದಿನ ದುಡಿದರೆ ಬಲೆ ಬಿಡದ ನಷ್ಟ ತುಂಬಿಕೊಳ್ಳುತ್ತದೆ.

ಮಧ್ಯಾಹ್ನ ಕಾರಂಜಾಕ್ಕೆ ಹೋದೆವು. ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿ ಹತ್ತಿರ, ಮಾಂಜ್ರಾದ ಉಪನದಿ ಕಾರಂಜಾಕ್ಕೆ ಕಟ್ಟಿದ ಜಲಾಶಯ. ಮುಗಿದದ್ದು 1989ರಲ್ಲಿ. 7.69 ಟಿಎಂಸಿ ನೀರು ಹಿಡಿಯುತ್ತದೆ. ಬಹಮನಿಗಳ ಕಾಲದಲ್ಲಿ ನೆಲದಡಿ ಕರೇಜ್ ಅನ್ನುವ ಕಾಲುವೆ ಕೊರೆದು ನೀರು ತಂದ ಬೀದರ್ ಈಗ ಕಾರಂಜಾದ ನೀರು ಕುಡಿಯುತ್ತದೆ. 2016ರ ಬರದಲ್ಲಿ ಪಕ್ಕದ ಲಾತೂರಿಗೆ ರೈಲಿನಲ್ಲಿ ನೀರು ತರಬೇಕಾಯಿತಲ್ಲ, ಆ ವರ್ಷ ನೆನೆದರೆ ಈ ನೀರಿನ ಬೆಲೆ ತಿಳಿಯುತ್ತದೆ.

ಹಿನ್ನೀರ ದಂಡೆಯಲ್ಲಿ ಒಂದು ಜೋಡಿಯ ಮದುವೆಗೆ ಮುಂಚಿನ ಫೋಟೋ ಶೂಟ್ ನಡೆದಿತ್ತು. ಹುಡುಗಿಯ ಉದ್ದ ಕೆಂಪು ಗೌನು ಗಾಳಿಗೆ ಹಾರುತ್ತಿತ್ತು. ಹಿಂದೆ ಸೂರ್ಯ, ನೀರಿನ ನಡುವೆ ಒಂದು ಒಣ ಮರ. ಫೋಟೋಗ್ರಾಫರ್ ಆ ಮರ ಚೌಕಟ್ಟಿಗೆ ಬರುವ ಹಾಗೆ ಅವರನ್ನು ನಿಲ್ಲಿಸುತ್ತಿದ್ದ.

ಸ್ವಲ್ಪ ದೂರದಲ್ಲಿ ಎತ್ತು ನೀರು ಕುಡಿಸುತ್ತಿದ್ದ ಹಿರಿಯರೊಬ್ಬರನ್ನು ಮಾತಾಡಿಸಿದೆ. ನಾನು ಮರದ ಕಡೆ ನೋಡುವುದನ್ನು ಕಂಡು ಅವರೇ ಹೇಳಿದರು. 'ಅದು ಬೇವಿನ ಗಿಡರಿ. ಅದರ ಮೂಡಣಕ್ಕ ನಮ್ಮ ಹೊಲ ಇತ್ತು. ನಮ್ಮಪ್ಪ ಬುತ್ತಿ ಅದರ ನೆಳ್ಳಾಗೇ ಉಣ್ತಿದ್ದ.' ನೀರು ಇಳಿದ ವರ್ಷ ಹೊಲದ ಬದುವು ಕಾಣುತ್ತದಂತೆ. ಅವರು ಹೋಗಿ ಒಂದು ಸುತ್ತು ನಡೆದು ಬರುತ್ತಾರೆ. ಸರಿಯಾದ ಪರಿಹಾರಕ್ಕಾಗಿ ಕಾರಂಜಾ ಮುಳುಗಡೆ ಸಂತ್ರಸ್ತರು 2022ರಿಂದ ಬೀದರಿನಲ್ಲಿ ಧರಣಿ ಕೂತರು. ಇವರೂ ಎಷ್ಟೋ ದಿನ ಆ ಪೆಂಡಾಲಿನಲ್ಲಿ ಕೂತವರೇ.

'ಇಲ್ಲಿ ಬೋಟು, ಹೋಟೆಲ್ ಮಾಡ್ತಾರಂತ ಒಮ್ಮೊಮ್ಮೆ ಸುದ್ದಿ ಬರ್ತದ. ಮಾಡ್ಲಿ ಬಿಡ್ರಿ, ಊರಿಗಿ ಚಲೋ ಆಗ್ತದ. ಆದ್ರ ಟೆಂಡರ್ ಯಾರಿಗಿ ಸಿಗ್ತದ? ನಮ್ಮ ಮೊಮ್ಮಕ್ಕಳಿಗಿ ಅಲ್ಲಿ ಕಸ ಹೊಡಿಯೋ ಕೆಲಸ ಕೊಡ್ತಾರೇನು?'

ಇದೇ ಪ್ರಶ್ನೆ ಚಂದ್ರಂಪಳ್ಳಿಯಿಂದ ನನ್ನ ಬೆನ್ನು ಹತ್ತಿ ಬಂದಿತ್ತು. ನೀರಿಗಾಗಿ ಹೊಲ ಬಿಟ್ಟವರು, ನೀರಿನ ತಳ ಬಲ್ಲವರು, ಮುಳುಗಿದವರನ್ನು ಎತ್ತುವವರು ಒಂದು ಕಡೆ. ಆ ನೀರಿನ ಮೇಲೆ ಟಿಕೆಟ್ ಹರಿಯುವವರು ಇನ್ನೊಂದು ಕಡೆ. ಜಲಾಶಯಗಳ ಮೇಲೆ ಪ್ರವಾಸದ ಯಾವ ಕೆಲಸ ಬಂದರೂ ಮೊದಲ ಹಕ್ಕು ಮುಳುಗಡೆಯಾದ ಮನೆಗಳಿಗೆ, ಮೀನುಗಾರರಿಗೆ, ದಂಡೆಯ ತಾಂಡಾಗಳಿಗೆ ಸಿಗಬೇಕು. ಕೂಲಿಯಾಗಿ ಮಾತ್ರ ಅಲ್ಲ, ಪಾಲುದಾರರಾಗಿ. ಬೋಟಿನ ಪರವಾನಗಿ ಅವರ ಸಂಘದ ಹೆಸರಿನಲ್ಲಿರಲಿ. ವಾಹನದ ಶುಲ್ಕ ಅವರ ಪಂಚಾಯಿತಿಗೆ ಹೋಗಲಿ. ಇದು ದಾನ ಅಲ್ಲ, ಅವರಿಗೆ ನಾವು ಕೊಡಬೇಕಾದ ಬಾಕಿ.

ಹಿರಿಯರು ಎತ್ತು ಹೊಡೆದುಕೊಂಡು ಹೊರಟರು. ಹೋಗುವಾಗ ನಮ್ಮ ಹುಡುಗಿಯ ಕೈಗೆ ಒಂದು ಹಿಡಿ ಹಸಿ ಕಡಲೆ ಕೊಟ್ಟರು.

ವಾಪಸ್

ಬೀದರ್-ಕಲಬುರಗಿ ರೈಲು ಮಾರ್ಗ ಪೂರ್ತಿ ತೆರೆದದ್ದು 2017ರಲ್ಲಿ. ಅದಕ್ಕೆ ಮೊದಲು ಈ ದಾರಿಗೆ ಬಸ್ಸೇ ಗತಿ. ಹುಮನಾಬಾದ್ ದಾಟಿ ಮರಗುತ್ತಿ ಸುರಂಗ ಬಂದಾಗ ಹುಡುಗಿ ಕೂಗಿ ಖುಷಿಪಟ್ಟಳು. ನಾನು ಮೊಬೈಲಿನಲ್ಲಿ ಅರ್ಜಿ ಬರೆಯುತ್ತಿದ್ದೆ.

ಹಳೆಯ ಹಳ್ಳದ ಅಂಚಿಗೆ ಹಗ್ಗ, ತೇಲು ಕಟ್ಟಿ ಈಸುವ ಜಾಗ ಗುರುತಿಸಬೇಕು. ಆಳದ ಬಗ್ಗೆ ಕನ್ನಡ, ತೆಲುಗು, ಹಿಂದಿಯಲ್ಲಿ ಫಲಕ ಬೇಕು. ಕಾಕಾನ ಹುಡುಗರಿಗೆ, ತಾಂಡಾದ ಹುಡುಗರಿಗೆ ಜೀವರಕ್ಷಕರ ತರಬೇತಿ ಕೊಟ್ಟು ಐತವಾರ, ಹಬ್ಬದ ದಿನ ಸಂಬಳಕ್ಕೆ ನಿಲ್ಲಿಸಬೇಕು. ಬಲೆ ಎತ್ತುವ ಹೊತ್ತು ಮುಗಿಯುವ ತನಕ ಮೋಟರ್ ಬೋಟ್ ಇಳಿಯಬಾರದು. ಹೆಂಗಸರ ಒಗೆಯುವ ಮೂಲೆಗೆ ಬೇಲಿ ಹಾಕಿ ಪ್ರವಾಸಿಗರಿಗೆ ಬಿಡಬಾರದು. ಶೌಚಾಲಯ ಕಟ್ಟಬೇಕು, ನೀರಿಗೆ ಹರಿಯದ ಹಾಗೆ ದೂರದಲ್ಲಿ. ಗಾಜಿನ ಬಾಟಲಿಯನ್ನು ಗೇಟಿನಲ್ಲೇ ತಡೆಯಬೇಕು. ವಾಹನದ ಶುಲ್ಕದಿಂದ ಕಸದ ಗಾಡಿಗೆ ದುಡ್ಡು ತೆಗೆದಿಡಬೇಕು. ಇಷ್ಟು ಬರೆದು ಗೆಳೆಯನಿಗೆ ಕಳಿಸಿದೆ.

ಕಮಲಾಪುರ ಬರುವಷ್ಟರಲ್ಲಿ ಫೋನ್ ಬಂತು. ಅಂಗಡಿಯ ಅಕ್ಕನಿಗೆ, ಅವಳ ನಾದಿನಿಗೆ ಓದಿ ಹೇಳಿದನಂತೆ. ಬೇಲಿ ಸಾಲದು, ಆ ಮೂಲೆಗೆ ಹೋಗುವ ದಾರಿಯನ್ನೂ ಬರೆಯಬೇಕು ಅಂದರಂತೆ. ಬೋಟಿನ ಹುಡುಗ ಬೇಸಿಗೆಯ ತಿಂಗಳುಗಳ ಬಗ್ಗೆ ಒಂದು ಸಾಲು ಸೇರಿಸಲು ಹೇಳಿದ್ದಾನೆ. ನೀರು ಇಳಿದಾಗ ಕಾಡಿನ ದಾರಿ ತೋರಿಸುವ ಗೈಡ್ ಕೆಲಸ ತನ್ನಂಥವರಿಗೆ ಕೊಡಲಿ ಅಂತ. ಎರಡನ್ನೂ ಸೇರಿಸಿದೆ.

ಆಮೇಲೆ ಕಾಕಾ ಫೋನ್ ಇಸಿದುಕೊಂಡ. ಜನವರಿ 21ಕ್ಕೆ ಅಂಬಿಗರ ಚೌಡಯ್ಯನ ಜಯಂತಿ. ಸುತ್ತಲ ಊರುಗಳ ಮೀನುಗಾರರು ಸೇರುತ್ತಾರೆ, ತಾಂಡಾದವರನ್ನೂ ಕರೆದಿದ್ದಾರೆ. 'ಅವತ್ತೇ ಎಲ್ಲಾರ ಸಹಿ ಹಾಕಿಸ್ತೀನಿ. ದೊಡ್ಡ ಅಕ್ಷರದಾಗ ಪ್ರಿಂಟ್ ತಗಸಿ ಕಳಿಸು. ಸಹಿಗಿ ಜಾಗ ಜಾಸ್ತಿ ಬಿಡು, ಹೆಬ್ಬೆಟ್ಟು ಒತ್ತೋರು ಬಾಳ ಮಂದಿ ಇದೀವಿ.' ಕಲಬುರಗಿಯಲ್ಲಿ ಇಳಿದು ಸ್ಟೇಷನ್ ಹತ್ತಿರದ ಝೆರಾಕ್ಸ್ ಅಂಗಡಿಯಲ್ಲೇ ಪ್ರಿಂಟ್ ತೆಗೆಸಿದೆ. ನಾಳೆ ಬೆಳಗಿನ ಚಿಂಚೋಳಿ ಬಸ್ಸಿಗೆ ಕೊಟ್ಟು ಕಳಿಸಬೇಕು.